ನಮ್ಮ ಶಾಲೆಯ ಆಫೀಸಜ್ಜಿ ಮತ್ತು ಎರಡು ದಾಖಲೆ ಪುಸ್ತಕಗಳು

ಶತಮಾನೋತ್ಸವದ ಈ ಪುಣ್ಯ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಪೂಜ್ಯ ಧರ್ಮಾಧ್ಯಕ್ಷರ ಆಶೀರ್ವಚನವಿದೆ; ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಭಾವಚಿತ್ರಗಳ ಸಾಲಿದೆ; ದೇವಾಲಯದ ಗೋಡೆಗಳು ಮೇಲೆದ್ದ ಬಗೆಯನ್ನೂ ಧರ್ಮಭಗಿನಿಯರ ಸೇವೆಯನ್ನೂ ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಅವೆಲ್ಲವೂ ಉಚಿತವಾದುದೇ. ಆದರೂ ಧರ್ಮಕೇಂದ್ರದ ಚರಿತ್ರೆಯೆಂದರೆ ಕೊನೆಗೆ ಜನರ ಚರಿತ್ರೆ. ಆ ಜನರು ಯಾರು, ಎಂದು ಹುಟ್ಟಿದರು, ಯಾರ ಮಕ್ಕಳು, ಎಲ್ಲಿಂದ ಬಂದು ಎಲ್ಲಿಗೆ ಹೋದರು ಎಂದು ಕೇಳಿದರೆ ಉತ್ತರ ಕೊಡಬಲ್ಲ ಆಧಾರಗಳು ನಮ್ಮಲ್ಲಿ ಮುಖ್ಯವಾಗಿ ಎರಡೇ. ಒಂದು, ದೇವಾಲಯದ ಬೀರುವಿನಲ್ಲಿರುವ ಜ್ಞಾನಸ್ನಾನದ ಪುಸ್ತಕ. ಇನ್ನೊಂದು, ಶಾಲೆಯ ಕಚೇರಿಯಲ್ಲಿರುವ ದಾಖಲಾತಿ ಪುಸ್ತಕ. ಮೊದಲನೆಯದು ನಮ್ಮ ವಿಶ್ವಾಸಿಗಳದು. ಎರಡನೆಯದು ಜಾತಿಮತಗಳ ಭೇದವಿಲ್ಲದೆ ಈ ಸೀಮೆಯ ಎಲ್ಲ ಮಕ್ಕಳದು.

ಈ ಎರಡನೆಯ ಪುಸ್ತಕವನ್ನು ಸುಮಾರು ಮೂವತ್ತು ವರ್ಷಗಳ ಕಾಲ ಬರೆದು ಕಾಪಾಡಿದ, ನಿವೃತ್ತಿಯ ತರುವಾಯ ಮೊದಲನೆಯದರ ಪಾಲನೆಯಲ್ಲೂ ಗುರುಗಳಿಗೆ ನೆರವಾದ ಒಬ್ಬ ತಾಯಿಯ ಸ್ಮರಣೆಗಾಗಿ ಈ ಲೇಖನ. ಅವರ ಹೆಸರನ್ನು ಅಚ್ಚು ಹಾಕಿಸಬಾರದೆಂಬುದು ಮನೆಯವರ ಕೋರಿಕೆ, ಅದನ್ನು ಮನ್ನಿಸಿದ್ದೇನೆ. ಗುಮಾಸ್ತೆಯಾಗಿ ಕೆಲಸಕ್ಕೆ ಸೇರಿದಾಗ ಮಕ್ಕಳು ಅವರನ್ನು ‘ಆಫೀಸಮ್ಮ’ ಎಂದು ಕರೆದರು. ಆ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಕರೆತಂದು ಸೇರಿಸುವ ಹೊತ್ತಿಗೆ ಅವರು ‘ಆಫೀಸಜ್ಜಿ’ ಆಗಿದ್ದರು. ಊರಿಗೆ ಆ ಹೆಸರು ಸಾಕು.

ಸೀಮೆ ಒಂದೇ, ವಿಳಾಸ ಹಲವು

ಅಜ್ಜಿಯ ಕೆಲಸದ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಯ ಪೂರ್ವವೃತ್ತಾಂತವನ್ನು ಸ್ವಲ್ಪ ನೆನೆಯಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತಣ ನಾಡು 1800ರಲ್ಲಿ ನಿಜಾಮನಿಂದ ಕುಂಪಣಿ ಸರ್ಕಾರಕ್ಕೆ ದತ್ತವಾಯಿತು. ಅಂದಿನಿಂದ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಾವು ಮದ್ರಾಸಿನ ಪ್ರಜೆಗಳಾಗಿದ್ದೆವು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡನ್ನು ಹಿರಿಯರು ಹಾಡಿ ಹೇಳುತ್ತಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಈ ಸೀಮೆಯೆಲ್ಲ ವಿಜಯನಗರ ಜಿಲ್ಲೆಯಾಯಿತು. ಹಿಂದೆ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು.

ಧರ್ಮಸಭೆಯ ಆಡಳಿತದಲ್ಲಿಯೂ ಹಾಗೆಯೇ. ನಮ್ಮ ಧರ್ಮಕೇಂದ್ರದ ಮೊದಲ ದಿನಗಳಲ್ಲಿ ಬಳ್ಳಾರಿ ಸೀಮೆ ಮದ್ರಾಸ್ ಮಹಾಧರ್ಮಪ್ರಾಂತ್ಯದ ಒಂದು ಮೂಲೆಯಾಗಿತ್ತು. 1928ರಲ್ಲಿ ನೆಲ್ಲೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ನಾವು ಅದರ ಪಾಲಾದೆವು. 1949ರಲ್ಲಿ ಬಳ್ಳಾರಿಯೇ ಪ್ರತ್ಯೇಕ ಧರ್ಮಪ್ರಾಂತ್ಯವಾಗಿ, ಫ್ರಾನ್ಸಿಸ್ಕನ್ ಸಭೆಯ ಪೂಜ್ಯ ಜಾನ್ ಫಾರೆಸ್ಟ್ ಹೋಗನ್ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು.

ಈ ನಡುವೆ ನೆಲವೇ ಮುಳುಗಿದ ಕಥೆಯೂ ಉಂಟು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಈ ಭಾಗದ ಹಲವು ಹಳ್ಳಿಗಳು ಮರೆಯಾದವು; ಒಕ್ಕಲು ಎದ್ದ ಜನ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿಕೊಂಡರು. ಅಂಥ ಮನೆಯ ಮಗುವನ್ನು ಶಾಲೆಗೆ ತಂದಾಗ, ಅದರ ತಂದೆತಾಯಿಗಳ ಹುಟ್ಟೂರು ಯಾವುದೆಂದು ಕೇಳಿದರೆ ಅವರು ನೀರಿನ ಕಡೆ ಕೈ ತೋರಿಸುತ್ತಿದ್ದರು. ರಾಜ್ಯ ಬದಲಾಗಬಹುದು, ಜಿಲ್ಲೆ ಬದಲಾಗಬಹುದು, ಊರೇ ಇಲ್ಲವಾಗಬಹುದು. ಇಂಥ ಜನಕ್ಕೆ ತಾವು ಯಾರೆಂದು ತೋರಿಸಲು ಉಳಿಯುವುದು ಪುಸ್ತಕದಲ್ಲಿರುವ ಒಂದು ಸಾಲು ಮಾತ್ರ. “ಜಿಲ್ಲೆ ಬದ್ಲಾಗ್ತಾವ ಸ್ವಾಮಿ, ಹುಟ್ಟಿದ ದಿನ ಬದ್ಲಾಗಂಗಿಲ್ಲ” ಎಂದು ಅಜ್ಜಿ ಹೇಳುತ್ತಿದ್ದುದು ಇದನ್ನೇ.

ಹುಟ್ಟಿದ ದಿನದ ಹುಡುಕಾಟ

ಯುವಕನಾಗಿದ್ದಾಗ ನಾನು ಇದೇ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಜ್ಜಿಯ ಸೇವೆಯ ಕೊನೆಯ ವರ್ಷಗಳವು. ಬೆಳಗಿನ ಬಲಿಪೂಜೆಗೆ ಮೊದಲ ಗಂಟೆಗೇ ಬಂದು, ಪೂಜೆ ಮುಗಿದೊಡನೆ ಮನೆಗೆ ಹೋಗಿ ಮೊಮ್ಮಕ್ಕಳಿಗೆ ರೊಟ್ಟಿ ಕಟ್ಟಿಕೊಟ್ಟು, ಶಾಲೆಯ ಗಂಟೆ ಬಾರಿಸುವ ಮೊದಲೇ ಕಚೇರಿಯ ಬೀಗ ತೆಗೆದಿರುತ್ತಿದ್ದರು. ಮೇಜಿನ ಮೇಲೆ ಮಸಿಕುಡಿಕೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ದಾಖಲಾತಿ ಪುಸ್ತಕ. ಸೊಂಟದಲ್ಲಿ ಎಲೆಯಡಿಕೆಯ ಸಂಚಿ. ಸಂಚಿಗೆ ಕೈ ಹಾಕುವುದು ಮಧ್ಯಾಹ್ನದ ಊಟವಾದ ಮೇಲೆ, ಅದೂ ಕಚೇರಿಯ ಹೊರಗೆ ನಿಂತು. ಪುಸ್ತಕದ ಮೇಲೆ ಕೆಂಪು ಕಲೆ ಬೀಳಬಾರದೆಂಬುದು ಅವರ ವ್ರತ.

ಆ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಜನನ ಪತ್ರಿಕೆ ಎಂಬುದು ಅಪರೂಪ. ಜನನ ಮರಣ ನೋಂದಣಿಯ ಕೇಂದ್ರ ಶಾಸನ ಬಂದದ್ದೇ 1969ರಲ್ಲಿ. ಅದು ನಮ್ಮ ಹಳ್ಳಿಗಳನ್ನು ಮುಟ್ಟಲು ಇನ್ನೆಷ್ಟೋ ವರ್ಷ ಹಿಡಿಯಿತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಮಗುವಿಗೆ ಶಾಲೆಯ ವಯಸ್ಸಾಯಿತೆಂದು ಲೆಕ್ಕ. ಹುಟ್ಟಿದ ದಿನ ತಿಳಿಯದಿದ್ದರೆ ಶಾಲೆಗಳಲ್ಲಿ ಜೂನ್ 1 ಎಂದು ಬರೆದುಬಿಡುವುದು ವಾಡಿಕೆ. ಇಂದಿಗೂ ನಮ್ಮ ನಿವೃತ್ತ ನೌಕರರ ಸಮಾರಂಭದಲ್ಲಿ ಕೇಳಿ ನೋಡಿ, ಅರ್ಧ ಸಭೆ ಜೂನ್ 1ರಂದೇ ಹುಟ್ಟಿರುತ್ತದೆ.

ಅಜ್ಜಿ ಈ ವಾಡಿಕೆಗೆ ಒಪ್ಪಲಿಲ್ಲ. ಮಗುವಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಿದ್ದರು. “ಕೂಸು ಹುಟ್ಟಿದಾಗ ಯಾವ ಮಳಿ ನಡದಿತ್ತವ್ವಾ?” ಎಂಬುದು ಮೊದಲ ಪ್ರಶ್ನೆ. ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ, ಮಘೆ, ಉತ್ತರೆ, ಚಿತ್ತೆ ಎಂದು ಒಕ್ಕಲಿಗ ಹೆಂಗಸಿಗೆ ಮಳೆಗಳ ಹೆಸರು ಬಾಯಿಪಾಠ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಆದ್ದರಿಂದ ಮಳೆಯ ಹೆಸರು ತಿಳಿದರೆ ಹುಟ್ಟಿದ ದಿನ ಎರಡು ವಾರದೊಳಗೆ ಬಂದು ನಿಂತಂತೆ. ಆಮೇಲೆ ಹುಣ್ಣಿಮೆ ಮುಂದೋ ಹಿಂದೋ, ಅಮಾವಾಸ್ಯೆಗೆ ಎಷ್ಟು ದಿನವಿತ್ತು, ಅಂದು ಯಾವ ಊರ ಸಂತೆ ಎಂಬ ಪ್ರಶ್ನೆಗಳು. ಸಂತೆಯಿಂದ ವಾರ ಸಿಗುತ್ತಿತ್ತು. ಮಳೆಗಾಲದಾಚೆ ಹುಟ್ಟಿದ ಕೂಸಿಗೆ ಕೊಟ್ಟೂರ ತೇರು, ಭರತ ಹುಣ್ಣಿಮೆಯ ಸುಮಾರಿನ ಮೈಲಾರದ ಕಾರಣಿಕ, ಯುಗಾದಿ ಇವು ಗುರುತು. ನಮ್ಮವರಾದರೆ ಕ್ರಿಸ್ಮಸ್ಸು, ಬೂದಿ ಬುಧವಾರ, ಮರಿಯಮ್ಮನವರ ಹಬ್ಬ. ವರ್ಷದ ವಿಷಯದಲ್ಲಿ ಕೂಡ್ಲಿಗಿಗೆ ಗಾಂಧೀಜಿಯವರ ಚಿತಾಭಸ್ಮ ಬಂದ ಕಾಲ, ಡ್ಯಾಮಿನ ನೀರು ನಿಂತ ಕಾಲ, 1972ರ ಸುಮಾರಿನ ಬರ ಎಂಬ ಮೈಲಿಗಲ್ಲುಗಳಿದ್ದವು. ಇಷ್ಟನ್ನೂ ಹಳೆಯ ಪಂಚಾಂಗಗಳ ಕಟ್ಟಿನೊಡನೆ ತಾಳೆ ನೋಡಿ, ತೃಪ್ತಿಯಾದ ಮೇಲೆ ಮಸಿಯಲ್ಲಿ ಬರೆಯುತ್ತಿದ್ದರು. ಒಂದು ಮಗುವನ್ನು ಸೇರಿಸಲು ಅರ್ಧ ಗಂಟೆ ಹಿಡಿಯಿತೆಂದು ಸಾಲಿನಲ್ಲಿ ನಿಂತವರು ಗೊಣಗಿದರೆ, “ಇದು ಕೂಸು ಸಾಯೂತನಕ ಇರೂ ಮಾತು, ನೀವು ಒಂದು ತಾಸು ನಿಂದರ್ರಿ” ಎಂಬ ಉತ್ತರ ಬರುತ್ತಿತ್ತು. ಅಜ್ಜಿ ಮೃದು ಮಾತಿನವರೆಂದು ಯಾರೂ ಹೇಳಲಾರರು.

ಇಷ್ಟು ನಿಷ್ಠೆಗೆ ಒಂದು ಹಿನ್ನೆಲೆಯುಂಟು. ಅವರ ಶಾಲಾ ದಾಖಲೆಯಲ್ಲಿಯೇ ಜೂನ್ 1 ಎಂದಿತ್ತು. ತಾವು ನಿಜವಾಗಿ ಹುಟ್ಟಿದ್ದು ಮುಂದಿನ ವರ್ಷದ ಆರಂಭದಲ್ಲಿ ಎಂಬುದು ಜ್ಞಾನಸ್ನಾನದ ಪುಸ್ತಕ ನೋಡಿದಾಗ ಅವರಿಗೆ ತಿಳಿಯಿತು. ಶಾಲೆಯ ಲೆಕ್ಕದಂತೆ ನಡೆದರೆ ಕೆಲವು ತಿಂಗಳು ಮೊದಲೇ ನಿವೃತ್ತಿಯಾಗಬೇಕು. ವಿಧವೆಯಾಗಿ ಸಂಸಾರ ಹೊತ್ತವರಿಗೆ ಆ ಸಂಬಳ ಸಣ್ಣದಾಗಿರಲಿಲ್ಲ. ತಿದ್ದಿಸಿಕೊಳ್ಳಲು ಬಂಧುಗಳು ಒತ್ತಾಯಿಸಿದರು. ದಾಖಲೆ ಬರೆಯುವವಳೇ ತನ್ನ ಲಾಭಕ್ಕೆ ದಾಖಲೆ ತಿದ್ದಿಸಿಕೊಂಡಳೆಂಬ ಮಾತು ಬಂದರೆ ನಾಳೆ ನಾನು ಬರೆದದ್ದನ್ನು ಯಾರು ನಂಬುತ್ತಾರೆ ಎಂದು ಹೇಳಿ, ಮೇ ತಿಂಗಳ ಕಡೆಯ ದಿನ ಕೀಲಿಕೈ ಒಪ್ಪಿಸಿ ಮನೆಗೆ ಹೋದರು.

ಒಂದು ಅಂಕಿಯ ಬೆಲೆ

ಹುಟ್ಟಿದ ದಿನವೆಂಬುದು ಬರಿಯ ಅಂಕಿಯೇ ಎಂದು ಕೆಲವರಿಗೆ ತೋರಬಹುದು. ಹೆಣ್ಣುಮಗುವಿನ ಪಾಲಿಗೆ ಅದು ಕಾವಲುಗೋಡೆ. 1929ರ ಬಾಲ್ಯವಿವಾಹ ನಿರ್ಬಂಧ ಶಾಸನ ಹುಡುಗಿಗೆ ಹದಿನಾಲ್ಕು ವರ್ಷವೆಂದು ವಿಧಿಸಿತ್ತು. 1978ರ ತಿದ್ದುಪಡಿ ಅದನ್ನು ಹದಿನೆಂಟಕ್ಕೆ ಏರಿಸಿತು. 2006ರಲ್ಲಿ ಇನ್ನೂ ಬಿಗಿಯಾದ ಶಾಸನ ಬಂತು. ಶಾಸನ ದಿಲ್ಲಿಯಲ್ಲಿ ಆಗುತ್ತದೆ. ಆದರೆ ಹುಡುಗಿಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಹಳ್ಳಿಯ ಶಾಲೆಯ ಪುಸ್ತಕದಲ್ಲಿ. ಬಾಲನ್ಯಾಯಕ್ಕೆ ಸಂಬಂಧಿಸಿದ 2015ರ ಶಾಸನದ 94ನೆಯ ಪ್ರಕರಣವೂ ಮಗುವಿನ ವಯಸ್ಸು ನಿರ್ಧರಿಸಲು ಶಾಲೆಯ ಜನ್ಮದಿನಾಂಕದ ಪತ್ರವನ್ನೋ ಹತ್ತನೆಯ ತರಗತಿಯ ಪತ್ರವನ್ನೋ ಮೊದಲು ನೋಡಬೇಕೆನ್ನುತ್ತದೆ. ವೈದ್ಯಕೀಯ ಪರೀಕ್ಷೆ ಕಡೆಯ ಮಾತು.

ನಾನು ಇಲ್ಲಿದ್ದ ದಿನಗಳಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿಯನ್ನು ಬಿಡಿಸಿ ಮದುವೆ ಮಾಡಲು ಮನೆಯವರು ನಿಶ್ಚಯಿಸಿದರು. ಗಂಡಿನ ಕಡೆಯವರಿಗೆ ಕಾಗದದ ಭಯ. ಆದ್ದರಿಂದ ವಯಸ್ಸಿನ ಪತ್ರ ಬೇಕಾಯಿತು. ಪುಸ್ತಕದಲ್ಲಿ ಹುಡುಗಿಗೆ ಹದಿಮೂರು. ವರ್ಷದ ಒಂದೇ ಅಂಕಿ ತಿದ್ದಿಕೊಡಬೇಕೆಂದು ಕೇಳಲು ಬಂದವರು ಹೊರಗಿನವರಲ್ಲ. ಭಾನುವಾರ ಮುಂದಿನ ಸಾಲಿನಲ್ಲಿ ನಿಲ್ಲುವ ನಮ್ಮವರೇ, ಅಜ್ಜಿಗೆ ನೆಂಟರೂ ಹೌದು. ಮೊದಲು ಸಲುಗೆಯಿಂದ ಕೇಳಿದರು, ಆಮೇಲೆ ದಬಾಯಿಸಿದರು, ಕಡೆಗೆ ಅಜ್ಜಿಯ ಮನೆಯ ಶುಭಕಾರ್ಯಕ್ಕೆ ಯಾರೂ ಬರುವುದಿಲ್ಲವೆಂದು ಹೆದರಿಸಿದರು. ಅಜ್ಜಿ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು, “ಈ ಪುಸ್ತಕ ನಂದಲ್ಲ, ಶಾಲೀದೂ ಅಲ್ಲ. ಆ ಕೂಸಿಂದು. ಅದನ್ನ ಕೇಳ್ಕೊಂಡು ಬರ್ರಿ” ಎಂದರು.

ಮದುವೆ ನಿಂತಿತು. ಹೆದರಿಸಿದ ಮಾತೂ ಸುಳ್ಳಾಗಲಿಲ್ಲ. ಆ ವರ್ಷ ಅವರ ಮಗನ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ನೆಂಟರಲ್ಲಿ ಅನೇಕರು ಬರಲಿಲ್ಲ. ಅಜ್ಜಿ ಮಾಡಿದ ಹೋಳಿಗೆಯನ್ನು ಶಾಲೆಯ ಮಕ್ಕಳಿಗೆ ಹಂಚಿದರು. ಆ ಹುಡುಗಿ ಹತ್ತನೆಯ ತರಗತಿ ಮುಗಿಸಿದಳು. ಮುಂದೆ ಇದೇ ದೇವಾಲಯದಲ್ಲಿ ವಯಸ್ಸು ತುಂಬಿ ವಿವಾಹವಾದಾಗ, ವಿವಾಹದ ಪುಸ್ತಕದಲ್ಲಿ ಹೆಬ್ಬೆರಳ ಗುರುತಿನ ಬದಲು ತನ್ನ ರುಜು ಹಾಕಿದಳು. ಅವಳ ಮನೆಯ ಹೆಂಗಸರಲ್ಲಿ ಆ ಪುಸ್ತಕಕ್ಕೆ ರುಜು ಹಾಕಿದವಳು ಅವಳೇ ಮೊದಲು.

ತಂದೆಯ ಹೆಸರಿನ ಅಂಕಣ

ಇದಕ್ಕಿಂತ ಕಠಿಣವಾದ ಇನ್ನೊಂದು ವಿಷಯವನ್ನು ಬರೆಯದೆ ಈ ಚರಿತ್ರೆ ಪೂರ್ಣವಾಗದು. ಬಡಮನೆಯ ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ನಮ್ಮ ಈ ತಾಲ್ಲೂಕುಗಳಲ್ಲಿ ಬೇರುಬಿಟ್ಟಿತ್ತೆಂಬುದು ಎಲ್ಲರಿಗೂ ತಿಳಿದಿದೆ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ 1947ರಲ್ಲಿ ಮದ್ರಾಸ್ ಸರ್ಕಾರ ಇದನ್ನು ನಿಷೇಧಿಸಿತು. ಆಗ ನಾವು ಮದ್ರಾಸಿಗೆ ಸೇರಿದ್ದವರು. 1982ರಲ್ಲಿ ಕರ್ನಾಟಕವೂ ನಿಷೇಧ ಶಾಸನ ಮಾಡಿತು. ಶಾಸನವಾದ ಮೇಲೂ ಆ ತಾಯಂದಿರು ಇದ್ದರು, ಅವರಿಗೆ ಮಕ್ಕಳಿದ್ದರು, ಆ ಮಕ್ಕಳು ಶಾಲೆಗೆ ಬರಬೇಕಾಗಿತ್ತು. ಶಾಲೆಯ ಅರ್ಜಿಯಲ್ಲಿ ಹೆಸರಿನ ಕೆಳಗೇ ಇರುವ ಅಂಕಣ: ತಂದೆಯ ಹೆಸರು.

ಈ ಒಂದು ಅಂಕಣಕ್ಕೆ ಹೆದರಿ ಎಷ್ಟು ತಾಯಂದಿರು ಶಾಲೆಯ ಮೆಟ್ಟಿಲಿಂದ ಹಿಂದಿರುಗಿದರೋ ದೇವರೇ ಬಲ್ಲ. ತುಂಬಿದ ಕಚೇರಿಯಲ್ಲಿ ಗಟ್ಟಿಯಾಗಿ “ಅಪ್ಪನ ಹೆಸರೇನು?” ಎಂದು ಕೇಳುವುದು, ಅವಳು ತಲೆ ತಗ್ಗಿಸುವುದು, ಸುತ್ತಲಿನವರು ನಗುವುದು ಹಲವೆಡೆ ನಡೆಯುತ್ತಿತ್ತು. ಕೆಲವರು ಕರುಣೆಯಿಂದಲೇ ಯಾವುದೋ ಒಂದು ಗಂಡಸಿನ ಹೆಸರು ಬರೆದುಬಿಡುತ್ತಿದ್ದರು. ಮುಂದೆ ಆ ಸುಳ್ಳು ಹೆಸರು ಮಗುವಿನ ಎಲ್ಲ ಪತ್ರಗಳಿಗೂ ಅಂಟಿಕೊಂಡು ತೊಂದರೆ ಕೊಡುತ್ತಿತ್ತು.

ಅಜ್ಜಿಯ ಕ್ರಮ ಬೇರೆ. ಅಂಥ ತಾಯಿ ಬಂದಳೆಂದು ತಿಳಿದರೆ ಉಳಿದವರನ್ನು ಯಾವುದೋ ನೆವದಿಂದ ಹೊರಗೆ ಕಳುಹಿಸಿ, ಬಾಗಿಲು ಮುಂದೆ ಮಾಡಿ, “ಯವ್ವಾ, ನಿನ್ನ ಹೆಸರು ಹೇಳು” ಎಂದಷ್ಟೇ ಕೇಳುತ್ತಿದ್ದರು. ಅಪ್ಪನ ಮಾತೇ ಇಲ್ಲ. ಪೋಷಕರ ಅಂಕಣದಲ್ಲಿ ಅವಳ ಹೆಸರನ್ನು ದುಂಡಗೆ ಬರೆದು, ಮುಂದೆ ‘ತಾಯಿ’ ಎಂದು ಸೇರಿಸಿ, ತಂದೆಯ ಅಂಕಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಒಮ್ಮೆ ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು ಈ ಗೆರೆಗಳನ್ನು ಕಂಡು, ದಾಖಲೆ ಅಪೂರ್ಣವೆಂದು ಆಕ್ಷೇಪಣೆ ಬರೆದರು. ಅಜ್ಜಿ ಅಂದು ಸಂಜೆ ನನ್ನ ಬಳಿಗೆ ಬಂದು, “ಸ್ವಾಮಿ, ನಮ್ಮ ದೇವಾಲಯದ ಪುಸ್ತಕದಾಗ ಇಂಥಾ ಕೂಸಿಗೆ ಏನು ಬರೀತಾರ?” ಎಂದು ಕೇಳಿದರು.

1983ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪ್ರಕಟಿಸಿದ ಧರ್ಮಸಭೆಯ ಹೊಸ ಕಾನೂನು ಸಂಹಿತೆ ಕೈಗೆ ಬಂದು ಆಗ ಕೆಲವೇ ವರ್ಷವಾಗಿತ್ತು. ಅದರ 877ನೆಯ ವಿಧಿಯನ್ನು ತೆಗೆದು ಅವರಿಗೆ ಕನ್ನಡದಲ್ಲಿ ವಿವರಿಸಿದೆ. ಅವಿವಾಹಿತ ತಾಯಿಯ ಮಗುವಿನ ವಿಷಯದಲ್ಲಿ, ಆಕೆ ತಾಯಿಯೆಂಬುದು ಬಹಿರಂಗವಾಗಿ ತಿಳಿದಿದ್ದರೆ ಅಥವಾ ಆಕೆಯೇ ಇಷ್ಟಪಟ್ಟು ಕೇಳಿದರೆ ತಾಯಿಯ ಹೆಸರನ್ನು ಬರೆಯಬೇಕು. ತಂದೆಯ ಹೆಸರನ್ನು ತಕ್ಕ ಆಧಾರವಿದ್ದರೆ ಮಾತ್ರ ಬರೆಯಬೇಕು. ಇಲ್ಲದಿದ್ದರೆ ಅದನ್ನು ಬರೆಯದೆ ಮಗುವಿನ ಹೆಸರನ್ನು ದಾಖಲಿಸಬೇಕು ಎಂಬುದು ಅದರ ಸಾರ. ಊಹೆಯಿಂದ ಹೆಸರು ತುಂಬುವಂತಿಲ್ಲ. ಹೆಸರಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನೂ ನೆನಪಿಸಿದೆ. ನಜರೇತಿನ ಜನ ನಮ್ಮ ಸ್ವಾಮಿಯನ್ನು ಹಗುರವಾಗಿ ಕಂಡಾಗ ತಂದೆಯ ಹೆಸರೆತ್ತದೆ ಮರಿಯಳ ಮಗನೆಂದೇ ಕರೆದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಬರದದ್ದು ಸರಿ ಐತಿ” ಎಂದು ಎದ್ದರು. ಆಕ್ಷೇಪಣೆಗೆ ಅವರು ಬರೆದ ಉತ್ತರ ಎರಡೇ ಸಾಲಿನದು: ತಿಳಿಯದುದನ್ನು ಬರೆದಿಲ್ಲ, ತಿಳಿದುದನ್ನು ಬಿಟ್ಟಿಲ್ಲ. ಆ ಗೆರೆಗಳು ಹಾಗೆಯೇ ಉಳಿದವು.

ದೇಶದ ನ್ಯಾಯವ್ಯವಸ್ಥೆ ಈ ಸ್ಥಳಕ್ಕೆ ಬರಲು ಇನ್ನೂ ಕಾಲ ಹಿಡಿಯಿತು. 2015ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಒಬ್ಬ ಅವಿವಾಹಿತ ಕ್ರೈಸ್ತ ತಾಯಿಯ ಮೊಕದ್ದಮೆಯಲ್ಲಿ, ಮಗುವಿನ ಪಾಲಕಿಯೆನಿಸಲು ಆಕೆ ತಂದೆಯ ಹೆಸರನ್ನು ಹೊರಗೆಡವಬೇಕಾಗಿಲ್ಲವೆಂದೂ, ಅಂಥ ತಾಯಿ ಪ್ರಮಾಣಪತ್ರ ಸಲ್ಲಿಸಿದರೆ ಮಗುವಿನ ಜನನ ಪತ್ರ ಕೊಡಬೇಕೆಂದೂ ತೀರ್ಪಿತ್ತಿತು. 2025ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ದೇವದಾಸಿ ತಾಯಂದಿರ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ಮಸೂದೆಯನ್ನು ಅಂಗೀಕರಿಸಿತು. 2015ರ ತೀರ್ಪಿನ ಸುದ್ದಿಯನ್ನು ಪತ್ರಿಕೆಯಿಂದ ಮೊಮ್ಮಗಳು ಓದಿ ಹೇಳಿದಾಗ, ಕಣ್ಣು ಮಂದವಾಗಿದ್ದ ಅಜ್ಜಿ ಇನ್ನೊಮ್ಮೆ ಓದಿಸಿ ಕೇಳಿದರಂತೆ.

ಗುಳೆ ಹೋದವರ ಹೆಸರುಗಳು

ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳು ಅರ್ಧ ಬರಿದಾಗುತ್ತವೆ. ಜೋಳ ಒಣಗಿದರೆ, ಶೇಂಗಾ ಕೈಗೆ ಹತ್ತದಿದ್ದರೆ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ. ಬಹುಕಾಲ ಬಾರದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವುದು ಸುಲಭ. ಒಮ್ಮೆ ಹೊಡೆದ ಹೆಸರಿನ ಮಗು ಮರಳಿ ಶಾಲೆ ಸೇರುವುದು ಕಷ್ಟ.

ಅಜ್ಜಿ ಹಾಜರಿಯನ್ನು ಸುಳ್ಳಾಗಿ ತುಂಬಿಸುತ್ತಿರಲಿಲ್ಲ. ಬಾರದವರ ಮುಂದೆ ಗೈರುಹಾಜರಿಯ ಗುರುತೇ ಬೀಳುತ್ತಿತ್ತು. ಆದರೆ ಹೆಸರು ಹೊಡೆಯುವ ಮೊದಲು ಆ ಮನೆಯವರ ವಿಳಾಸ ವಿಚಾರಿಸಿ ಒಂದು ಅಂಚೆ ಕಾರ್ಡು ಬರೆಯುತ್ತಿದ್ದರು. ಬರೆದುಕೊಡುವವರೂ ಓದುವವರೂ ಇಲ್ಲದ ಜನಕ್ಕೆ ಕಾರ್ಡು ಬರೆದೇನು ಫ್ರಯೋಜನವೆಂದು ಕೇಳಿದರೆ, ತೋಟದ ಮೇಸ್ತ್ರಿಗೆ ಓದು ಬರುತ್ತದೆ, ಅವನು ಓದಿ ಹೇಳುತ್ತಾನೆ ಎನ್ನುತ್ತಿದ್ದರು. ಯುಗಾದಿಗೆ ಜನ ಮರಳಿದಾಗ ತಾವೇ ಓಣಿಗೆ ಹೋಗಿ ಮಕ್ಕಳನ್ನು ಕರೆದು ತರುತ್ತಿದ್ದರು. ಬೇರೆ ಊರಿನಲ್ಲೇ ನೆಲೆಸುವೆವೆಂದವರಿಗೆ ಅಂದೇ ವರ್ಗಾವಣೆ ಪತ್ರ ಬರೆದುಕೊಡುತ್ತಿದ್ದರು. “ನಾಳೆ ಬಾ” ಎಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಅವರ ವಾದ.

ಮನೆಯ ಅಜ್ಜಿ, ಸಭೆಯ ಅಜ್ಜಿ

ಕಚೇರಿಯ ವಿಷಯವನ್ನೇ ಬರೆದು ಮನೆಯ ಅಜ್ಜಿಯನ್ನು ಮರೆಯಬಾರದು. ಸಂತ ಪೌಲನು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ತಿಮೊಥೇಯನಲ್ಲಿರುವ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಸ್ಮರಿಸುತ್ತಾನೆ. ಒಬ್ಬ ಧರ್ಮಾಧ್ಯಕ್ಷನಿಗೆ ಬರೆದ ಪತ್ರದಲ್ಲಿ ಅಜ್ಜಿಯ ಹೆಸರು! ಅಪೊಸ್ತಲನು ಆ ದಾಖಲೆಯನ್ನು ಬಿಡಲಿಲ್ಲ. ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಧರ್ಮಸಭೆ ಜುಲೈ 26ರಂದು ಆಚರಿಸುತ್ತದೆ. 2021ರಲ್ಲಿ ಜಗದ್ಗುರು ಫ್ರಾನ್ಸಿಸರು ಅದರ ಸಮೀಪದ ಭಾನುವಾರವನ್ನು, ಅಂದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವೆಂದು ಸ್ಥಾಪಿಸಿದರು.

ನಮ್ಮ ಅಜ್ಜಿಯ ಮನೆಯಲ್ಲಿ ದೀಪ ಹಚ್ಚಿದೊಡನೆ ಜಪಸರ. ಮೊಮ್ಮಕ್ಕಳು ತೂಕಡಿಸಿದರೆ ಒಂದು ಹತ್ತು ಹೆಚ್ಚು. ಐದನೆಯ ಹತ್ತಿನ ಕೊನೆಗೆ ಅವರು ಕೆಲವು ಹೆಸರುಗಳನ್ನು ಪಿಸುಗುಟ್ಟುತ್ತಿದ್ದರು. ಬಹುದಿನ ಶಾಲೆಗೆ ಬಾರದ ಮಕ್ಕಳ ಹೆಸರುಗಳವು. ನವೆಂಬರ್ 2ರಂದು ಮೃತರ ಸ್ಮರಣೆಯ ದಿನ, ಸಮಾಧಿಗಳ ನಡುವೆ ನಡೆಯುತ್ತಾ, ಯಾರು ಯಾವ ವರ್ಷ ಶಾಲೆಗೆ ಸೇರಿದವರೆಂದು ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಧರ್ಮಕೇಂದ್ರದ ಪುಸ್ತಕಗಳನ್ನು ಪ್ರತಿವರ್ಷ ಬೇಸಿಗೆಯಲ್ಲಿ ಬಿಸಿಲಿಗೆ ಹರವಿ, ಒಣಗಿದ ಬೇವಿನ ಎಲೆಯನ್ನೂ ಕರ್ಪೂರವನ್ನೂ ಇಟ್ಟು ಮತ್ತೆ ಬಟ್ಟೆ ಸುತ್ತಿಡುವ ಕೆಲಸವನ್ನು ತಾವಾಗಿಯೇ ಕೇಳಿ ಪಡೆದರು. ನಮ್ಮ ಹಳೆಯ ಪುಸ್ತಕಗಳು ಗೆದ್ದಲಿನ ಪಾಲಾಗದೆ ಈ ಶತಮಾನೋತ್ಸವಕ್ಕೆ ಉಳಿದು ಬಂದದ್ದು ಆ ಬೇವಿನ ಎಲೆಯಿಂದ.

ತೊಂಬತ್ತು ದಾಟಿದ ಮೇಲೆ, ಅಂತ್ಯಾಭ್ಯಂಗ ಪಡೆದು, ಪರಮಪ್ರಸಾದ ಸ್ವೀಕರಿಸಿ ಅಜ್ಜಿ ಕಣ್ಮುಚ್ಚಿದರು. ಅಂತ್ಯಕ್ರಿಯೆಗೆ ದೇವಾಲಯ ತುಂಬಿ ಅಂಗಳವೂ ತುಂಬಿತ್ತು. ಬಂದವರಲ್ಲಿ ನಮ್ಮವರಿಗಿಂತ ಬೇರೆಯವರೇ ಹೆಚ್ಚು. ಹಿಂದೆ ಅವರ ಮನೆಗೆ ಕಾಲಿಡದಿದ್ದ ನೆಂಟರೂ ಹೆಗಲು ಕೊಟ್ಟರು.

ನಾವು ಮಾಡಬೇಕಾದುದು

ವಿಶ್ವಾಸಿಗಳೇ, ಧರ್ಮಕೇಂದ್ರದಲ್ಲಿ ಪುಸ್ತಕವಿಡುವ ನಿಯಮ ಹೊಸದಲ್ಲ. 1563ರಲ್ಲಿಯೇ ಟ್ರೆಂಟ್ ಮಹಾಸಭೆ ವಿವಾಹಗಳ ಪುಸ್ತಕವಿಡಬೇಕೆಂದೂ ಜ್ಞಾನಸ್ನಾನದ ಜ್ಞಾನಪೋಷಕರ ಹೆಸರನ್ನು ಬರೆದಿಡಬೇಕೆಂದೂ ಗುರುಗಳಿಗೆ ವಿಧಿಸಿತು. ಇಂದಿನ ಸಂಹಿತೆಯ 535ನೆಯ ವಿಧಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಸರಿಯಾಗಿ ಬರೆದು ಜೋಪಾನ ಮಾಡಬೇಕೆಂದು ಪಾಲನಾ ಗುರುವಿಗೆ ಆಜ್ಞಾಪಿಸುತ್ತದೆ. ನಮ್ಮ ಸ್ವಾಮಿಯ ಜನನವೂ ಜನಗಣತಿಗೆ ಹೆಸರು ಬರೆಸಲು ಹೋದ ಬೆತ್ಲೆಹೇಮಿನಲ್ಲಿ ಆಯಿತೆಂದು ಸಂತ ಲೂಕನು ಹೇಳುತ್ತಾನೆ. ಸಂತ ಮತ್ತಾಯನ ವಂಶಾವಳಿಯಲ್ಲಿ ಲೋಕ ಬೆರಳು ತೋರಿದ ತಾಮಾರಳೂ ರಾಹಾಬಳೂ ತಮ್ಮ ಹೆಸರಿನಿಂದಲೇ ಇದ್ದಾರೆ. ಪವಿತ್ರ ಗ್ರಂಥ ಅವರನ್ನು ಮರೆಮಾಡಲಿಲ್ಲ.

ಕಾಲ ಈಗ ಬದಲಾಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದುದಕ್ಕೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರವೆಂದು ಕಾನೂನು ತಿದ್ದುಪಡಿಯಾಗಿದೆ. ಆದ್ದರಿಂದ ಹೆರಿಗೆಯಾದ 21 ದಿನಗಳೊಳಗೆ ತಪ್ಪದೆ ನೋಂದಣಿ ಮಾಡಿಸಿರಿ. ಶಾಲೆಯ ದಾಖಲೆಗಳು ಗಣಕಯಂತ್ರಕ್ಕೆ ಏರಿವೆ. ಮಳೆಯ ಹೆಸರು ಕೇಳಿ ಹುಟ್ಟಿದ ದಿನ ಹುಡುಕುವ ಕಾಲ ಮುಗಿಯಿತು. ಯಂತ್ರವೂ ಅಂಕಣಗಳನ್ನು ಮುಂದಿಟ್ಟು ಉತ್ತರ ಕೇಳುತ್ತದೆ. ಎದುರಿಗೆ ನಿಂತ ತಾಯಿಯನ್ನು ನಾಚಿಸದೆ, ಸುಳ್ಳನ್ನೂ ಬರೆಯದೆ ಆ ಅಂಕಣ ತುಂಬುವ ಮನುಷ್ಯ ಮಾತ್ರ ಇಂದಿಗೂ ಬೇಕು.

ಈ ಶತಮಾನೋತ್ಸವದ ನೆನಪಿಗಾಗಿ ಎರಡು ಕೆಲಸಗಳನ್ನು ಯುವಕ ಯುವತಿಯರ ಮುಂದಿಡುತ್ತೇನೆ. ಧರ್ಮಕೇಂದ್ರದ ಹಾಗೂ ಶಾಲೆಯ ಹಳೆಯ ಪುಸ್ತಕಗಳ ಪುಟಪುಟಕ್ಕೂ ಛಾಯಾಪ್ರತಿ ತೆಗೆದಿಡೋಣ. ಅವುಗಳಲ್ಲಿರುವ ತಾಯಂದಿರ ಗುಟ್ಟು ಗುಟ್ಟಾಗಿಯೇ ಇರಲಿ, ಪ್ರತಿಗಳು ಗುರುಗಳ ಮತ್ತು ಮುಖ್ಯೋಪಾಧ್ಯಾಯರ ವಶದಲ್ಲಿಯೇ ಇರಲಿ. ಎರಡನೆಯದಾಗಿ, ನಿಮ್ಮ ನಿಮ್ಮ ಮನೆಯ ಅಜ್ಜಿಯರ ಬಳಿ ಕುಳಿತು, ಅವರು ಎಂದು ಎಲ್ಲಿ ಹುಟ್ಟಿದರು, ಅವರಿಗೆ ಜಪ ಕಲಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಿರಿ. ಮಳೆಯ ಹೆಸರಿನಿಂದ ಮೊದಲು ಮಾಡಿದರೆ ಉಳಿದುದು ತಾನಾಗಿ ಬರುತ್ತದೆ.

ನಮ್ಮ ಹೆಸರುಗಳು ಸ್ವರ್ಗದಲ್ಲಿ ಬರೆಯಲ್ಪಟ್ಟಿವೆಯೆಂದು ಸಂತೋಷಪಡಿರೆಂಬುದು ಸ್ವಾಮಿಯು ತನ್ನ ಶಿಷ್ಯರಿಗೆ ಹೇಳಿದ ಮಾತಿನ ಭಾವ. ಈ ಸೀಮೆಯ ಸಾವಿರಾರು ಮಕ್ಕಳ ಹೆಸರನ್ನು ಒಂದನ್ನೂ ಕೆಡಿಸದೆ ಬರೆದ ನಮ್ಮ ಆಫೀಸಜ್ಜಿಯ ಹೆಸರನ್ನು ದಯಾಮಯನಾದ ದೇವರು ತನ್ನ ಜೀವಗ್ರಂಥದಲ್ಲಿ ಉಳಿಸಿಕೊಳ್ಳಲಿ. ಅವರ ಆತ್ಮಕ್ಕೆ ನಿತ್ಯಶಾಂತಿ ದೊರೆಯಲಿ. ಆಮೆನ್.